ಎಚ್ಚರಿಸುವ ಯಂತ್ರವೂ ಆತ್ಮಸಂಯಮವೂ

ಅಫೀಮಿನ ವರ್ಗದ ಮದ್ದುಗಳ ವ್ಯಸನದಿಂದ ಬಿಡುಗಡೆ ಬಯಸುವವನಿಗೆ ಸ್ಮಾರ್ಟ್‌ಫೋನು ನೆರವಾದರೆ, ಆ ಜಯವು ಅವನದೋ ಯಂತ್ರದ್ದೋ? ಅಮೆರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿದ್ವಾಂಸರು ರಚಿಸಿದ ‘ಎ-ಚೆಸ್’ ಎಂಬ ಏರ್ಪಾಡನ್ನು ಮೊದಲು ಮದ್ಯವ್ಯಸನಿಗಳಲ್ಲಿಯೂ ಅನಂತರ ಇಂತಹವರಲ್ಲಿಯೂ ಪರೀಕ್ಷಿಸಿರುವರು. ವ್ಯಸನಿಯು ತಾನೇ ಗುರುತಿಸಿಟ್ಟ ಅಪಾಯದ ಸ್ಥಳವನ್ನು ಸಮೀಪಿಸಿದೊಡನೆ ಅದು ಎಚ್ಚರಿಸುವುದು. ಗುಂಡಿಯೊಂದನ್ನು ಒತ್ತಿದರೆ ಆಪ್ತರಿಗೆ ಕರೆ ಮುಟ್ಟುವುದು.

ಪರರು ಎಚ್ಚರಿಸಿದ ಸಂಯಮವು ಸಂಯಮವೇ ಎಂದು ಕೆಲವರು ಆಕ್ಷೇಪಿಸಬಹುದು. ಬೆಳಗಿನ ಜಾವದಲ್ಲಿ ತಾಯಿ ಎಬ್ಬಿಸಿದಳೆಂದು ಮಗನ ವಿದ್ಯೆಯು ತಾಯಿಯದಾಗುವುದೆ? ಎಚ್ಚರಿಸುವುದು ಯಂತ್ರ, ಇಟ್ಟ ಹೆಜ್ಜೆಯನ್ನು ಹಿಂದೆಗೆಯುವವನು ಮನುಷ್ಯನೇ. ತನ್ನ ದೌರ್ಬಲ್ಯವನ್ನು ಮುಂದಾಗಿ ಅರಿತು ಕಾವಲಿರಿಸಿಕೊಳ್ಳುವುದೂ ವಿವೇಕವೇ ಸರಿ.

ಆದರೆ ಯಂತ್ರವು ವೈದ್ಯನ ಚಿಕಿತ್ಸೆಗೆ ಬದಲಲ್ಲ, ಆಪ್ತನಿಗೂ ಬದಲಲ್ಲ. ನಡುರಾತ್ರಿ ಗುಂಡಿಯೊತ್ತಿದವನಿಗೆ ಓಗೊಡುವವರು ಯಾರು? ಅಲ್ಲಿ ಪರೀಕ್ಷೆಗೊಳಗಾಗುವುದು ಅವನ ಸಂಯಮವಲ್ಲ, ವಾಚಕಮಹಾಶಯರೆ, ನಮ್ಮ ದಯೆ.