ಮಾಡಿದವನೊಬ್ಬ, ಉಂಡವನೊಬ್ಬ: ವಿಷದ ನೀರು ಮತ್ತು ಕರ್ಮವಿಚಾರ

ಕರ್ಮವನ್ನು ಒಪ್ಪಿದ ಭಾರತೀಯ ದಾರ್ಶನಿಕರು ಎರಡು ದೋಷಗಳನ್ನು ಸಹಿಸುವುದಿಲ್ಲ: ಮಾಡಿದ್ದು ಫಲ ಕೊಡದೆ ಅಳಿದುಹೋಗುವ ‘ಕೃತಹಾನಿ’ ಮತ್ತು ಮಾಡದೆ ಇದ್ದುದರ ಫಲ ಬಂದೊದಗುವ ‘ಅಕೃತಾಭ್ಯಾಗಮ’. ಯಾದಗಿರಿ ಸೀಮೆಯಂಥ ಹೊಲನಾಡುಗಳಿಂದ ಹೊರಟು ಲೋಕ ಸುತ್ತಬಲ್ಲ ಕೆಲವು ಕೀಟನಾಶಕಗಳ ನಡೆಯನ್ನು ಗಮನಿಸಿದರೆ ಈ ಎರಡು ದೋಷಗಳೂ ಒಟ್ಟಿಗೇ ಎದುರಾಗುತ್ತವೆ.

ನಾರಾಯಣಪುರದ ಬಸವಸಾಗರ ಜಲಾಶಯದಿಂದ ಎಡದಂಡೆ ಕಾಲುವೆ ಹರಿದ ಮೇಲೆ ಸುರಪುರ, ಶಹಾಪುರಗಳ ಎರೆನೆಲದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಹಬ್ಬಿದವು. ರೈತರು ‘ಎಣ್ಣೆ ಹೊಡೆಯುವುದು’ ಎನ್ನುವ ಸಿಂಪಡಣೆಯೂ ಜೊತೆಗೇ ಬಂತು. ಬಿಎಚ್‌ಸಿ, ಎಂಡೋಸಲ್ಫಾನ್‌ಗಳೆಂಬ ಕೀಟನಾಶಕಗಳು ಸುಲಭವಾಗಿ ಕೊಳೆಯದ, ಜೀವಿಗಳ ಕೊಬ್ಬಿನಲ್ಲಿ ಸೇರಿಕೊಳ್ಳುವ ‘ಚಿರಸ್ಥಾಯಿ ಮಾಲಿನ್ಯಕಾರಕ’ಗಳ ಗುಂಪಿನವು. ಇಂಥವು ಮುಂಗಾರಿನ ಮೊದಲ ನೀರಿನೊಡನೆ ಹಳ್ಳಹಿಡಿದು ಹೊಳೆ ಸೇರಬಲ್ಲವು, ಬಿಸಿಲಿಗೆ ಆವಿಯಾಗಿ ಗಾಳಿಯನ್ನೂ ಏರಬಲ್ಲವು. ಬೆಚ್ಚಗಿನ ನಾಡುಗಳಿಂದ ಎದ್ದು, ತಂಪಿನಲ್ಲಿ ಇಳಿದು, ಮತ್ತೆ ಎದ್ದು, ಕೊನೆಗೆ ಉತ್ತರ ಧ್ರುವಪ್ರದೇಶದ ಹಿಮದಲ್ಲಿ ತಂಗುತ್ತವೆ. ಚಳಿಗಾಲವಿಡೀ ಹಿಮ ಕೂಡಿಟ್ಟದ್ದು ಅಲ್ಲಿ ಕೆಲವೇ ವಾರಗಳಲ್ಲಿ ಹೊರಬೀಳುತ್ತದೆ: ನೀರಿಗೆ ಹೆಚ್ಚು ಒಲಿಯುವ ಬಿಎಚ್‌ಸಿಯಂಥವು ಮೊದಲ ಕರಗುನೀರಿನಲ್ಲಿ, ಕಣಗಳಿಗೆ ಅಂಟುವ ಡಿಡಿಟಿಯಂಥವು ಹಿಮ ತೀರುವ ಹೊತ್ತಿಗೆ. ಪಾಚಿಯಿಂದ ಮೀನಿಗೆ, ಮೀನಿನಿಂದ ಸೀಲ್ ಪ್ರಾಣಿಗೆ ದಾಟುತ್ತ ಸಾಂದ್ರಗೊಳ್ಳುವ ಈ ವಿಷಗಳು, ಹತ್ತಿಯ ಗಿಡವನ್ನೇ ಕಾಣದ ಅಲ್ಲಿನ ಮೂಲನಿವಾಸಿ ಇನ್ಯೂಟ್ ತಾಯಂದಿರ ಎದೆಹಾಲನ್ನೂ ಮುಟ್ಟಿವೆ.

ಇದೇ ಸೀಮೆಯ ತಿಂಥಣಿಯ ಮೌನೇಶ್ವರನ ಸನ್ನಿಧಿಯಲ್ಲಿ ಕೃಷ್ಣೆಗೆ ಇಳಿದು ಮೀಯುವ ಭಕ್ತರ ಶ್ರದ್ಧೆಯನ್ನು ರಸಾಯನಶಾಸ್ತ್ರ ಅಲ್ಲಗಳೆಯಲಾರದು, ಅದು ಅದರ ಕೆಲಸವೂ ಅಲ್ಲ. ಆದರೆ ಹರಿಯುವ ನೀರಿಗೆ ದೋಷವಿಲ್ಲವೆಂಬ ಲೋಕರೂಢಿ ಇಲ್ಲಿ ನಿಲ್ಲದು. ನೀರು ಈ ವಿಷವನ್ನು ಕಳೆಯುವುದಿಲ್ಲ, ಬೇರೊಬ್ಬರ ಬಾಗಿಲಿಗೆ ಒಯ್ಯುತ್ತದೆ.

ಹೊಣೆ ಯಾರದು? ಇಂಥ ಹೊಲದ ವಿಷವೇ ಇಂಥ ತಾಯಿಯನ್ನು ತಲುಪಿತೆಂದು ತೋರಿಸುವುದು ಅಸಾಧ್ಯ. ಶಹಾಪುರದ ಬೆಟ್ಟಸಾಲು ಮಲಗಿದ ಬುದ್ಧನಂತೆ ಕಾಣುವುದು ಆಕಸ್ಮಿಕವಾದರೂ ಈ ಪ್ರಶ್ನೆಗೆ ಹತ್ತಿರದ ಉತ್ತರವಿರುವುದು ಬೌದ್ಧರಲ್ಲೇ. ‘ಮಿಲಿಂದಪ್ರಶ್ನೆ’ಯೆಂಬ ಬೌದ್ಧ ಗ್ರಂಥದಲ್ಲಿ ಮಿಲಿಂದ ದೊರೆಗೆ ಭಿಕ್ಷು ನಾಗಸೇನ ಹೇಳುವ ದೃಷ್ಟಾಂತದಲ್ಲಿ, ಒಬ್ಬನು ಉಣ್ಣಲು ಹಚ್ಚಿದ ದೀಪ ಹುಲ್ಲಿಗೆ ತಗುಲಿ ಊರೇ ಉರಿಯುತ್ತದೆ, ತಾನು ಹಚ್ಚಿದ ಬೆಂಕಿ ಬೇರೆ, ಊರು ಸುಟ್ಟ ಬೆಂಕಿ ಬೇರೆ ಎಂಬ ಅವನ ವಾದವನ್ನು, ಇದು ಅದರಿಂದಲೇ ಹುಟ್ಟಿದ್ದೆಂಬ ಕಾರಣಕ್ಕೆ ದೊರೆ ಒಪ್ಪುವುದಿಲ್ಲ. ಹೊಣೆಯನ್ನು ನಿರ್ಣಯಿಸುವುದು ಕಾರ್ಯಕಾರಣದ ಎಳೆ. ದೂರವಾಗಲಿ, ಕಾಲವಾಗಲಿ ಅದನ್ನು ಕಡಿಯುವುದಿಲ್ಲ.

ಆದರೆ ಅದೇ ಬೌದ್ಧರಿಗೆ ಕರ್ಮವೆಂದರೆ ಮೂಲತಃ ‘ಚೇತನಾ’, ಅಂದರೆ ಸಂಕಲ್ಪ. ರೈತನ ಸಂಕಲ್ಪ ಬೆಳೆ ಉಳಿಸುವುದಾಗಿತ್ತು, ಡಬ್ಬಿಯೊಳಗಿನದರ ದೂರದ ಪಯಣ ಅವನಿಗೆ ತಿಳಿದಿರಲಿಲ್ಲ; ತಿಳಿಯಬೇಕಾದವರು ಬೇರೆ ಇದ್ದರು. 2001ರ ಸ್ಟಾಕ್‌ಹೋಮ್ ಒಪ್ಪಂದ ಧ್ರುವಪ್ರದೇಶದ ಮೂಲನಿವಾಸಿಗಳಿಗಿರುವ ಅಪಾಯವನ್ನು ಪೀಠಿಕೆಯಲ್ಲೇ ಹೇಳಿತು, ಭಾರತ 2006ರಲ್ಲಿ ಅದನ್ನು ಅನುಮೋದಿಸಿತು, ಎಂಡೋಸಲ್ಫಾನ್ ಸಿಂಪಡಿಸಿದ ಕಾಸರಗೋಡಿನ ಗೇರುತೋಟಗಳ ಸುತ್ತಲ ಜನರ ಸಂಕಟವೂ ಕಣ್ಣೆದುರಿಗಿತ್ತು. ಆದರೂ ದೇಶದಾದ್ಯಂತ ಎಂಡೋಸಲ್ಫಾನ್ ಮಾರಾಟ ನಿಂತದ್ದು 2011ರ ಮೇ 13ರಂದು ಸುಪ್ರೀಂ ಕೋರ್ಟ್ ತಡೆದ ಮೇಲೆಯೇ. ಆ ನಡುವಿನ ವರ್ಷಗಳ ಕರ್ಮದಲ್ಲಿ ಸಿಂಪಡಿಸಿದವರಿಗಿಂತ ಪರವಾನಗಿ ಮುಂದುವರಿಸಿದವರ ಪಾಲೇ ದೊಡ್ಡದು.