ಬೀಗದಕೈ ಕೊಟ್ಟವನ್ಯಾರು?

ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ ‘ಬ್ಲೂಬಿಯರ್ಡ್’ ಕತೆ ಗೊತ್ತಿರಬಹುದು. ಶ್ರೀಮಂತ ಗಂಡ ಹೊಸ ಹೆಂಡತಿಗೆ ಎಲ್ಲ ಬೀಗದಕೈ ಕೊಟ್ಟು, ಒಂದು ಕೋಣೆ ಮಾತ್ರ ತೆಗೀಬೇಡ ಅಂತ ಹೇಳಿ ಹೊರಡ್ತಾನೆ. ಅವಳು ತೆಗೀತಾಳೆ. ಒಳಗೆ ಹಿಂದಿನ ಹೆಂಡತಿಯರ ಹೆಣಗಳು! ಅಣ್ಣತಮ್ಮಂದಿರು ಬಂದು ಅವಳನ್ನು ಉಳಿಸಿದ ಮೇಲೆ ಪೆರೋ ಹೇಳುವ ನೀತಿ: ಕುತೂಹಲ ಒಳ್ಳೆಯದಲ್ಲ.

ಅಲ್ಲ ಸ್ವಾಮಿ, ಕೊಂದವನನ್ನು ಬಿಟ್ಟು ಕಂಡವಳಿಗೆ ಬುದ್ಧಿಮಾತೇ?

ಬ್ರಿಟಿಷ್ ಲೇಖಕಿ ಆಂಜೆಲಾ ಕಾರ್ಟರ್ 1979ರ ‘ದಿ ಬ್ಲಡಿ ಚೇಂಬರ್’ನಲ್ಲಿ ಇದೇ ಕತೆಯನ್ನು ಕಡಲ ನಡುವಿನ ಕೋಟೆಗೆ ಒಯ್ದು, ಇನ್ನಷ್ಟು ಕರಾಳ ಗಾಥಿಕ್ ಕತೆಯಾಗಿಸಿದರು. ಇಲ್ಲಿ ಗಂಡ, ತೆಗೆದೇ ತೆಗೀತಾಳೆ ಅಂತ ಗೊತ್ತಿದ್ದೇ ಬೀಗದಕೈ ಕೊಡ್ತಾನೆ. ಕುದುರೆ ಏರಿ ಬಂದು ಅವನಿಗೆ ಗುಂಡಿಡುವವಳು ಹುಡುಗಿಯ ತಾಯಿ. ಆದರೂ ಬೀಗದಕೈಯ ರಕ್ತದ ಗುರುತು ಹುಡುಗಿಯ ಹಣೆಯಲ್ಲಿ ಉಳಿದುಬಿಡುತ್ತೆ. ಪಾಪ ಅವನದು, ನಾಚಿಕೆ ಅವಳದು. ನನ್ನನ್ನು ಕಾಡೋದು ಇದೇ.

ಹೇಳಿದ ಮಾತು ಕೇಳೋದೇ ಒಳ್ಳೆಯತನ ಅಂತ ನಮಗೆಲ್ಲ ಕಲಿಸಿದ್ದಾರೆ. ಆ ಹುಡುಗಿ ಮಾತು ಕೇಳಿದ್ದರೆ ಹೆಣಗಳ ಪಕ್ಕದಲ್ಲೇ ಸಂಸಾರ ಮಾಡಿಕೊಂಡು ಇರ್ತಿದ್ದಳು, ತನ್ನ ಸರದಿ ಬರುವ ತನಕ.

ಹಾಗಂತ ಮುಚ್ಚಿದ ಬಾಗಿಲನ್ನೆಲ್ಲ ತಳ್ಳಬೇಕಾ? ಇಲ್ಲ. ಒಬ್ಬರ ಗುಟ್ಟು ಬೇರೆ, ಅವರು ಇನ್ನೊಬ್ಬರಿಗೆ ಮಾಡಿದ ಅನ್ಯಾಯ ಬೇರೆ. ಎರಡನೆಯದಕ್ಕೆ ಹಾಕಿದ ಬೀಗಕ್ಕೆ ನಾವು ಮರ್ಯಾದೆ ಕೊಡಬೇಕಿಲ್ಲ.