ತಾಳ್ಮೆ ಲೆಕ್ಕ ಕೇಳಬಾರದೇ?

ಪಂದ್ಯವೊಂದನ್ನು ಸೋತ ಮರುದಿನ ಫುಟ್ಬಾಲ್ ಅಭಿಮಾನಿಗಳ ನಡುವೆ ನಡೆಯುವ ಚರ್ಚೆಯನ್ನು ಗಮನಿಸಿದ್ದೀರಾ? ಗೆದ್ದ ದಿನ ಎಲ್ಲರದೂ ಒಂದೇ ಮಾತು. ಸೋತ ದಿನ ಮಾತ್ರ ಒಂದೇ ಬಣ್ಣದ ಅಂಗಿ ತೊಟ್ಟವರು ಎರಡು ಪಂಗಡವಾಗುತ್ತಾರೆ. ಇನ್ನೂ ಬೇಕಾದಷ್ಟು ಪಂದ್ಯಗಳಿವೆ, ಈ ಬಾರಿ ಪ್ರಶಸ್ತಿ ನಮ್ಮದೇ ಎನ್ನುತ್ತದೆ ಒಂದು ಪಂಗಡ. ಎಲ್ಲ ಮುಗಿಯಿತು, ಪ್ರತಿ ವರ್ಷದ ಕಥೆ ಇಷ್ಟೇ ಎನ್ನುತ್ತದೆ ಇನ್ನೊಂದು. ಮೊದಲಿನವರ ಕಣ್ಣಿಗೆ ಎರಡನೆಯವರು ನಿಷ್ಠೆಯಿಲ್ಲದವರು. ಎರಡನೆಯವರ ಕಣ್ಣಿಗೆ ಮೊದಲಿನವರು ಭ್ರಮೆಯಲ್ಲಿ ಬದುಕುವವರು. ತಂಡವನ್ನು ಹೊಸದಾಗಿ ಕಟ್ಟುತ್ತಿರುವ ಕಾಲವಾದರೆ ಈ ಜಗಳದ ಕಾವು ಇನ್ನೂ ಹೆಚ್ಚು. ಏಕೆಂದರೆ 'ಕಟ್ಟುತ್ತಿದ್ದೇವೆ, ಸ್ವಲ್ಪ ತಾಳಿ' ಎಂಬ ಮಾತು ನಿಜವೂ ಆಗಿರಬಹುದು, ನೆಪವೂ ಆಗಿರಬಹುದು.

ಇದನ್ನು ಕೇವಲ ಆಟದ ಹುಚ್ಚು ಎಂದು ತಳ್ಳಿಹಾಕುವುದು ಸುಲಭ. ಆದರೆ ಈ ಜಗಳದೊಳಗೆ ಗಂಭೀರವಾದ ಒಂದು ನೈತಿಕ ಪ್ರಶ್ನೆಯಿದೆ. ನಾವು ಪ್ರೀತಿಸುವ ಒಂದು ಕೂಟ ಸೋತಾಗ ನಮ್ಮ ಕರ್ತವ್ಯವೇನು? ಅದರ ಬಗ್ಗೆ ಒಳ್ಳೆಯದನ್ನೇ ನಂಬುತ್ತಾ ಹೋಗುವುದೇ? ಕಂಡ ಸತ್ಯವನ್ನು ಹೇಳುವುದೇ? ಎರಡೂ ಏಕಕಾಲಕ್ಕೆ ಸಾಧ್ಯವೇ? ಈ ಪ್ರಶ್ನೆಯನ್ನು ಇಂಗ್ಲೆಂಡಿನ ಲಿವರ್‌ಪೂಲ್ ತಂಡದ ಉದಾಹರಣೆಯ ಮೂಲಕ ನೋಡೋಣ. ನಮ್ಮ ಕರಾವಳಿಯಲ್ಲೂ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮ ಯುವಕರಲ್ಲೂ ನಿದ್ದೆಗೆಟ್ಟು ಆ ತಂಡದ ಪಂದ್ಯ ನೋಡುವವರು ಕಡಿಮೆಯಿಲ್ಲ.

1990ರಲ್ಲಿ ಲಿವರ್‌ಪೂಲ್ ಹದಿನೆಂಟನೆಯ ಬಾರಿ ಇಂಗ್ಲೆಂಡಿನ ಲೀಗ್ ಪ್ರಶಸ್ತಿ ಗೆದ್ದಿತು. ಹತ್ತೊಂಬತ್ತನೆಯದಕ್ಕೆ ಮೂವತ್ತು ವರ್ಷ ಕಾಯಬೇಕಾಗುತ್ತದೆಂದು ಆಗ ಯಾರೂ ಭಾವಿಸಿರಲಿಲ್ಲ. 2014ರಲ್ಲಿ ಅದು ಕೈಗೆಟಕುವಷ್ಟು ಹತ್ತಿರ ಬಂದಿತ್ತು. ಸತತ ಹನ್ನೊಂದು ಪಂದ್ಯ ಗೆದ್ದ ತಂಡ ಏಪ್ರಿಲ್ 27ರಂದು ತನ್ನದೇ ಮೈದಾನ ಆ್ಯನ್‌ಫೀಲ್ಡ್‌ನಲ್ಲಿ ಚೆಲ್ಸಿಗೆ 0-2ರಿಂದ ಸೋತಿತು. ನಾಯಕ ಸ್ಟೀವನ್ ಜೆರಾರ್ಡ್ ಕಾಲು ಜಾರಿದರು, ಚೆಂಡು ಸಿಕ್ಕ ಡೆಂಬಾ ಬಾ ಗೋಲು ಹೊಡೆದರು. ಕೊನೆಗೆ ಮ್ಯಾಂಚೆಸ್ಟರ್ ಸಿಟಿ 86 ಅಂಕಗಳೊಂದಿಗೆ ಪ್ರಶಸ್ತಿ ಗೆದ್ದಿತು. ಲಿವರ್‌ಪೂಲ್ 84ಕ್ಕೆ ನಿಂತಿತು.

ಅಂದಿನಿಂದ ಆ ವರ್ಷದ ಕಥೆಯೆಂದರೆ ಜೆರಾರ್ಡ್ ಜಾರಿದ ಕಥೆ ಎಂಬಂತಾಗಿದೆ. ಆದರೆ ಇನ್ನೊಂದು ಲೆಕ್ಕವನ್ನೂ ನೋಡಬೇಕು. ಆ ಋತುವಿನ 38 ಪಂದ್ಯಗಳಲ್ಲಿ ಲಿವರ್‌ಪೂಲ್ 101 ಗೋಲು ಹೊಡೆದಿತ್ತು, 50 ಗೋಲು ಬಿಟ್ಟುಕೊಟ್ಟಿತ್ತು. ಸಿಟಿ ಬಿಟ್ಟುಕೊಟ್ಟದ್ದು 37. ಅಂದರೆ ಮನೆಯ ಒಂದು ಗೋಡೆ ಋತುವಿನುದ್ದಕ್ಕೂ ಬಿರುಕು ಬಿಟ್ಟಿತ್ತು. ಗೆಲುವಿನ ಸಂಭ್ರಮದ ನಡುವೆ ಆ ಬಿರುಕಿನತ್ತ ಬೆರಳು ತೋರಿಸಿದವನು ತಂಡದ ಶತ್ರುವಾಗಿರಲಿಲ್ಲ. ಸಂತೋಷದ ಮನೆಯಲ್ಲಿ ಬಿರುಕಿನ ಮಾತು ಯಾರಿಗೆ ತಾನೆ ಬೇಕು?

2015ರ ಅಕ್ಟೋಬರ್‌ನಲ್ಲಿ ಯುರ್ಗೆನ್ ಕ್ಲಾಪ್ ತರಬೇತುದಾರರಾಗಿ ಬಂದರು. ಮತ್ತೆ ಬುನಾದಿಯಿಂದ ಕಟ್ಟುವ ಕೆಲಸ ಶುರುವಾಯಿತು. ಮೊದಲ ಋತುವಿನಲ್ಲಿ ತಂಡ ಎಂಟನೆಯ ಸ್ಥಾನದಲ್ಲಿತ್ತು, ನಂತರದ ಎರಡು ಋತುಗಳಲ್ಲಿ ನಾಲ್ಕನೆಯ ಸ್ಥಾನದಲ್ಲಿತ್ತು. ಫೈನಲ್‌ಗಳಲ್ಲಿ ಸೋಲು ಬೇರೆ. ಕೊನೆಗೆ 2018-19ರಲ್ಲಿ ಸತತ ಇಪ್ಪತ್ತು ಲೀಗ್ ಪಂದ್ಯಗಳಲ್ಲಿ ಸೋಲರಿಯದೆ, ಏಳು ಅಂಕಗಳ ಮುನ್ನಡೆಯೊಂದಿಗೆ ತಂಡ 2019ರ ಜನವರಿ 3ರಂದು ಮ್ಯಾಂಚೆಸ್ಟರ್ ಸಿಟಿಯ ಮೈದಾನಕ್ಕೆ ಹೋಯಿತು. ಅಲ್ಲಿ 1-2ರಿಂದ ಸೋತಿತು. ಮುನ್ನಡೆ ನಾಲ್ಕು ಅಂಕಕ್ಕೆ ಇಳಿಯಿತು. ಅಭಿಮಾನಿಗಳ ಹಳೆಯ ಜಗಳ ಮತ್ತೆ ಹೊತ್ತಿಕೊಂಡಿತು. ಇದು 2014ರ ಪುನರಾವರ್ತನೆಯೇ, ಅಲ್ಲವೇ?

ಆ ಪಂದ್ಯದಲ್ಲಿ ಇನ್ನೂ ಗೋಲುಗಳಾಗದಿದ್ದಾಗ ಲಿವರ್‌ಪೂಲ್‌ನ ಒಂದು ಹೊಡೆತ ಕಂಬಕ್ಕೆ ಬಡಿದು ಹಿಂದಿರುಗಿ, ಗಲಿಬಿಲಿಯಲ್ಲಿ ಗೋಲಿನೊಳಗೆ ಹೋಗುವುದರಲ್ಲಿತ್ತು. ಸಿಟಿಯ ಜಾನ್ ಸ್ಟೋನ್ಸ್ ಅದನ್ನು ಗೆರೆಯ ಮೇಲಿಂದ ಒದ್ದು ಹೊರಹಾಕಿದರು. ಚೆಂಡು ಪೂರ್ತಿಯಾಗಿ ಗೆರೆ ದಾಟಲು ಬೇಕಾಗಿದ್ದದ್ದು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಋತು ಮುಗಿದಾಗ ಸಿಟಿಗೆ 98 ಅಂಕ, ಲಿವರ್‌ಪೂಲ್‌ಗೆ 97. ಜನವರಿ 3ರ ಪಂದ್ಯ ಡ್ರಾ ಆಗಿದ್ದು ಉಳಿದದ್ದೆಲ್ಲ ಹಾಗೆಯೇ ನಡೆದಿದ್ದರೆ ಲೆಕ್ಕ 98-96 ಆಗಿ ಪ್ರಶಸ್ತಿ ಲಿವರ್‌ಪೂಲ್‌ಗೆ ಸಿಗುತ್ತಿತ್ತು. ಇಡೀ ಋತುವಿನಲ್ಲಿ ಲೀಗ್‌ನಲ್ಲಿ ಸೋತದ್ದು ಅದೊಂದೇ ಪಂದ್ಯ. ಎರಡನೆಯ ಸ್ಥಾನ ಪಡೆದ ಯಾವ ತಂಡವೂ ಇಂಗ್ಲೆಂಡಿನಲ್ಲಿ ಅದಕ್ಕೆ ಮೊದಲು ಅಷ್ಟು ಅಂಕ ಗಳಿಸಿರಲಿಲ್ಲ.

ಈಗ ಹೇಳಿ, ಜಗಳದಲ್ಲಿ ಯಾರ ಮಾತು ಸರಿಯಾಗಿತ್ತು? ಈ ಬಾರಿಯೂ ಪ್ರಶಸ್ತಿ ಸಿಗುವುದಿಲ್ಲ ಎಂದ ನಿರಾಶಾವಾದಿಯ ಭವಿಷ್ಯ ನಿಜವಾಯಿತು. ಆದರೆ ಅವನು ಕೊಟ್ಟ ಕಾರಣ ತಪ್ಪಾಗಿತ್ತು. ಇದು ಹಳೆಯ ದುರ್ಬಲ ತಂಡವೇ ಎಂದು ಅವನು ತಿಳಿದಿದ್ದ. ಪ್ರಶಸ್ತಿ ಖಂಡಿತ ಎಂದ ಆಶಾವಾದಿಯ ಭವಿಷ್ಯ ಸುಳ್ಳಾಯಿತು. ಆದರೆ ತಂಡ ಬದಲಾಗಿದೆ ಎಂಬ ಅವನ ಅಂದಾಜು ನಿಜವಾಗಿತ್ತು. ನಾವು ಸಾಮಾನ್ಯವಾಗಿ ಫಲಿತಾಂಶವನ್ನು ನೋಡಿ ಅಭಿಪ್ರಾಯಕ್ಕೆ ಅಂಕ ಕೊಡುತ್ತೇವೆ. ಫಲಿತಾಂಶದಲ್ಲಿ ಆ ಒಂದು ಸೆಂಟಿಮೀಟರಿನ ಪಾಲೂ ಇರುತ್ತದೆ ಎಂಬುದನ್ನು ಮರೆಯುತ್ತೇವೆ. ಹೇಳಿದ್ದು ನಿಜವಾಯಿತು ಎಂದ ಮಾತ್ರಕ್ಕೆ ಹೇಳಿದವನ ವಿವೇಚನೆ ಸರಿಯಾಗಿತ್ತು ಎಂದಾಗುವುದಿಲ್ಲ.

ಹಾಗಾದರೆ ವಿವೇಚನೆಯನ್ನು ಅಳೆಯುವುದು ಹೇಗೆ? ಇಲ್ಲಿ 'ಕಟ್ಟುತ್ತಿದ್ದೇವೆ' ಎಂಬ ಮಾತಿಗೆ ಮರಳಬೇಕು. ಕಟ್ಟಡ ಏಳುತ್ತಿದ್ದರೆ ಅದು ಕಣ್ಣಿಗೆ ಕಾಣಬೇಕು. ಲಿವರ್‌ಪೂಲ್ ಲೀಗ್‌ನಲ್ಲಿ ಬಿಟ್ಟುಕೊಟ್ಟ ಗೋಲುಗಳು 2015-16ರಲ್ಲಿ 50, ಮುಂದಿನ ವರ್ಷ 42, ಅದರ ಮುಂದಿನ ವರ್ಷ 38, 2018-19ರಲ್ಲಿ 22. 2018ರ ಜನವರಿಯಲ್ಲಿ ವರ್ಜಿಲ್ ವಾನ್ ಡೈಕ್, ಅದೇ ವರ್ಷದ ಬೇಸಿಗೆಯಲ್ಲಿ ಗೋಲ್‌ಕೀಪರ್ ಅಲಿಸನ್ ಬಂದರು. ಬಿರುಕು ಎಲ್ಲಿದೆ ಎಂದು ತಿಳಿದು ಅಲ್ಲಿಗೇ ಗಾರೆ ಹಾಕುವ ಕೆಲಸ ನಡೆದಿತ್ತು. ತಾಳ್ಮೆಗೆ ಆಧಾರ ಇತ್ತು. ಜನವರಿ 3ರ ಸೋಲಿನ ನಂತರ ಈ ಲೆಕ್ಕ ಇಟ್ಟುಕೊಂಡು ಆಶೆ ಪಟ್ಟವನ ಆಶೆಗೂ ನಮ್ಮ ತಂಡ ಎಂಬ ಒಂದೇ ಕಾರಣಕ್ಕೆ ಆಶೆ ಪಟ್ಟವನ ಆಶೆಗೂ ಅಜಗಜಾಂತರವಿದೆ.

ತಾಳ್ಮೆಯ ಪರವಾಗಿ ವಾದಿಸುವವರು ಯಾವಾಗಲೂ ಅಲೆಕ್ಸ್ ಫರ್ಗ್ಯುಸನ್‌ರ ಹೆಸರು ಹೇಳುತ್ತಾರೆ. 1986ರ ನವೆಂಬರ್‌ನಲ್ಲಿ ಅವರು ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದರು. 1989ರ ಡಿಸೆಂಬರ್‌ನಲ್ಲಿ ಮೈದಾನದಲ್ಲೇ ಬ್ಯಾನರ್ ಹಿಡಿದು ಅವರನ್ನು ಬೀಳ್ಕೊಡಲಾಗಿತ್ತು. 1990ರಲ್ಲಿ ಮೊದಲ ಕಪ್, 1993ರಲ್ಲಿ ಮೊದಲ ಲೀಗ್ ಪ್ರಶಸ್ತಿ, 2013ರಲ್ಲಿ ನಿವೃತ್ತರಾಗುವಾಗ ಹದಿಮೂರು ಲೀಗ್ ಪ್ರಶಸ್ತಿಗಳು. ಕಥೆ ನಿಜ. ಆದರೆ ನೆನಪಿನಲ್ಲಿ ಉಳಿಯುವುದು ಫಲ ಕೊಟ್ಟ ತಾಳ್ಮೆಯ ಕಥೆಗಳು ಮಾತ್ರ. ಕಾದು ಕಾದು ಏನೂ ಸಿಗದೆ ಹೋದವರ ಕಥೆಯನ್ನು ಯಾರೂ ಹೇಳುವುದಿಲ್ಲ. ಹಾಗೆ ನೋಡಿದರೆ ಲಿವರ್‌ಪೂಲ್‌ನ ಮೂವತ್ತು ವರ್ಷಗಳಲ್ಲಿ 'ಮುಂದಿನ ವರ್ಷ ನೋಡಿ' ಎಂಬ ಭರವಸೆ ಎಷ್ಟು ಬಾರಿ ಹುಸಿಯಾಗಲಿಲ್ಲ? ಬರೇ ಕಾಯುವುದನ್ನು ಸದ್ಗುಣವೆಂದು ಕರೆದರೆ ಸೋಮಾರಿತನಕ್ಕೂ ಅದೇ ಹೆಸರು ಕೊಡಬೇಕಾಗುತ್ತದೆ.

ಆದ್ದರಿಂದ ತಾಳ್ಮೆಯುಳ್ಳವನಿಗೆ ಲೆಕ್ಕ ಕೇಳುವ ಹಕ್ಕಿದೆ. ಹಕ್ಕು ಮಾತ್ರವಲ್ಲ, ಅದು ಅವನ ಜವಾಬ್ದಾರಿಯೂ ಹೌದು. ಆದರೆ ಲೆಕ್ಕವನ್ನು ಯಾರಲ್ಲಿ, ಹೇಗೆ ಕೇಳುವುದು?

2018ರ ಮೇ 26ರಂದು ಕೀವ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಲಿವರ್‌ಪೂಲ್ ರಿಯಲ್ ಮ್ಯಾಡ್ರಿಡ್‌ಗೆ 1-3ರಿಂದ ಸೋತಿತು. ಗೋಲ್‌ಕೀಪರ್ ಲೋರಿಸ್ ಕಾರಿಯಸ್ ಮಾಡಿದ ಎರಡು ದೊಡ್ಡ ತಪ್ಪುಗಳು ಗೋಲುಗಳಾದವು. ಆತನ ಮೇಲೆ ಬೈಗುಳದ ಮಳೆ ಸುರಿಯಿತು. ಕೊಲೆ ಬೆದರಿಕೆಗಳೂ ಬಂದವು. ಕೆಲವೇ ದಿನಗಳಲ್ಲಿ ಅವರನ್ನು ಪರೀಕ್ಷಿಸಿದ ಅಮೆರಿಕದ ವೈದ್ಯರು, ಪಂದ್ಯದ ವೇಳೆ ತಲೆಗೆ ಬಿದ್ದ ಪೆಟ್ಟಿನಿಂದ ಮೆದುಳಿಗೆ ಆಘಾತವಾಗಿತ್ತು, ಅದು ಆಟದ ಮೇಲೆ ಪರಿಣಾಮ ಬೀರಿರುವ ಸಾಧ್ಯತೆಯಿದೆ ಎಂದರು. ಅಷ್ಟರಲ್ಲಿ ಜನರ ತೀರ್ಪು ಹೊರಬಿದ್ದಾಗಿತ್ತು. ಅವರು ಮತ್ತೆಂದೂ ಲಿವರ್‌ಪೂಲ್ ಪರವಾಗಿ ಅಧಿಕೃತ ಪಂದ್ಯ ಆಡಲಿಲ್ಲ. ನಾವು ಲೆಕ್ಕ ಕೇಳುತ್ತಿದ್ದೇವೆಂದು ಭಾವಿಸಿದಾಗ ಎಷ್ಟೋ ಬಾರಿ ಮಾಡುತ್ತಿರುವುದು ಒಬ್ಬ ಬಡಪಾಯಿಯ ತಲೆಯ ಮೇಲೆ ಎಲ್ಲರ ನೋವನ್ನು ಹೊರಿಸುವುದು. ಅದು ಲೆಕ್ಕವಲ್ಲ, ಬಲಿ.

ಇದೇ ಅಭಿಮಾನಿಗಳು ಇನ್ನೊಂದು ರೀತಿಯನ್ನೂ ತೋರಿಸಿದ್ದಾರೆ. 2015ರ ನವೆಂಬರ್‌ನಲ್ಲಿ ಆ್ಯನ್‌ಫೀಲ್ಡ್‌ನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ತಂಡ 82ನೆಯ ನಿಮಿಷದಲ್ಲಿ ಗೋಲು ಹೊಡೆದಾಗ ಬಹಳಷ್ಟು ಜನ ಎದ್ದು ಮನೆಗೆ ಹೊರಟರು. ಅದು ಕ್ಲಾಪ್‌ರ ಮೊದಲ ಸೋಲು. ಜನ ಹೊರಡುವುದನ್ನು ಕಂಡು ತಾನು ಒಂಟಿಯಾದಂತೆ ಅನಿಸಿತೆಂದು ಅವರು ಬಹಿರಂಗವಾಗಿಯೇ ಹೇಳಿದರು. ಮೂರು ತಿಂಗಳ ಬಳಿಕ, 2016ರ ಫೆಬ್ರವರಿ 6ರಂದು, ಸಂಡರ್‌ಲ್ಯಾಂಡ್ ವಿರುದ್ಧದ ಪಂದ್ಯದ 77ನೆಯ ನಿಮಿಷದಲ್ಲಿ ಸುಮಾರು ಹತ್ತು ಸಾವಿರ ಜನ ಮತ್ತೆ ಎದ್ದು ಹೊರನಡೆದರು. ಈ ಬಾರಿ ತಂಡ 2-0ಯಿಂದ ಮುಂದಿತ್ತು. ಮಾಲೀಕರು ಟಿಕೆಟಿನ ಗರಿಷ್ಠ ದರವನ್ನು 77 ಪೌಂಡಿಗೆ ಏರಿಸಲು ಹೊರಟಿದ್ದರು, ಅದನ್ನು ಪ್ರತಿಭಟಿಸಿ ಜನ ಹೊರಬಂದಿದ್ದರು. ಅಂದಿನ ಪಂದ್ಯ 2-2ರಿಂದ ಡ್ರಾ ಆಯಿತು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ದರ ಏರಿಕೆಯನ್ನು ಹಿಂದೆಗೆದುಕೊಂಡರು.

ಎರಡೂ ಬಾರಿ ಕುರ್ಚಿಗಳು ಖಾಲಿಯಾದವು. ಆದರೆ ಎರಡೂ ಒಂದೇ ಅಲ್ಲ. ಮೊದಲನೆಯ ಬಾರಿ ಜನ ಹೊರಟದ್ದು ಕಷ್ಟದ ಗಳಿಗೆಯಲ್ಲಿ ಆಟಗಾರರನ್ನು ಬಿಟ್ಟು. ಎರಡನೆಯ ಬಾರಿ ಹೊರಟದ್ದು ಗೆಲ್ಲುತ್ತಿರುವಾಗ, ಅಧಿಕಾರ ಇದ್ದವರನ್ನು ಪ್ರಶ್ನಿಸಲು. ಬಡ ಅಭಿಮಾನಿಗೂ ತನ್ನ ತಂಡವನ್ನು ನೋಡುವ ಅವಕಾಶ ಉಳಿಯಬೇಕೆಂದು ಅವರು ತಮ್ಮ ಆ ದಿನದ ಸಂತೋಷವನ್ನು ಬಿಟ್ಟುಕೊಟ್ಟರು. ನಿಷ್ಠೆ ಎಂದರೆ ಬಾಯಿ ಮುಚ್ಚಿ ಕೂರುವುದು ಎಂದು ತಿಳಿದವರು ಈ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಲಿವರ್‌ಪೂಲ್‌ನ ಈ ಜನರಿಗೆ ಲೆಕ್ಕ ಕೇಳುವುದನ್ನು ಕಲಿಸಿದ್ದು ಆಟ ಮಾತ್ರವಲ್ಲ. ಪ್ರಶಸ್ತಿಗಾಗಿ ಕಾದ ಆ ವರ್ಷಗಳಲ್ಲೇ ಅವರು ಆಟಕ್ಕಿಂತ ಎಷ್ಟೋ ದೊಡ್ಡದೊಂದಕ್ಕಾಗಿ ಕಾಯುತ್ತಿದ್ದರು. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಲುಕಿದ ಲಿವರ್‌ಪೂಲ್ ಅಭಿಮಾನಿಗಳಲ್ಲಿ 97 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಕೊನೆಯವರು ಗಾಯಗಳ ಪರಿಣಾಮವಾಗಿ 2021ರಲ್ಲಿ ತೀರಿಕೊಂಡರು. ಪೊಲೀಸರು ಮತ್ತು ಪತ್ರಿಕೆಗಳು ಸತ್ತವರ ಮೇಲೆಯೇ ತಪ್ಪು ಹೊರಿಸಿದವು. ಕುಡಿದ ಅಭಿಮಾನಿಗಳೇ ಕಾರಣ ಎಂಬ ಸುಳ್ಳು ದೇಶವಿಡೀ ಹರಡಿತು. 1991ರಲ್ಲಿ ಅಧಿಕೃತ ವಿಚಾರಣೆ ಅದನ್ನು ಆಕಸ್ಮಿಕ ಸಾವು ಎಂದಿತು. ಆದದ್ದಾಯಿತು, ಇನ್ನಾದರೂ ಬಿಟ್ಟುಬಿಡಿ ಎಂಬ ಉಪದೇಶಕ್ಕೂ ಕೊರತೆಯಿರಲಿಲ್ಲ. ಕುಟುಂಬಗಳು ಬಿಡಲಿಲ್ಲ. 2012ರಲ್ಲಿ ಸ್ವತಂತ್ರ ಸಮಿತಿಯ ವರದಿ ಬಂತು. 2016ರ ಏಪ್ರಿಲ್ 26ರಂದು ಹೊಸ ವಿಚಾರಣೆಯ ಜ್ಯೂರಿ ಇವು ಕಾನೂನುಬಾಹಿರ ಹತ್ಯೆಗಳು, ಅಭಿಮಾನಿಗಳದ್ದು ತಪ್ಪಿರಲಿಲ್ಲ ಎಂದು ತೀರ್ಪು ಕೊಟ್ಟಿತು. ಇಪ್ಪತ್ತೇಳು ವರ್ಷ!

ಈ ಇಪ್ಪತ್ತೇಳು ವರ್ಷಗಳನ್ನು ಆ ಮೂವತ್ತು ವರ್ಷಗಳೊಂದಿಗೆ ತೂಗಬಾರದು. ಒಂದು ಕಪ್ಪಿಗಾಗಿ ಕಾಯುವುದರಲ್ಲಿ ಸುಖವೂ ಇದೆ. ಸತ್ತ ಮಗನ ಹೆಸರಿಗೆ ಅಂಟಿದ ಕಳಂಕ ತೊಳೆಯಲು ಕಾಯುವುದರಲ್ಲಿ ಯಾವ ಸುಖವೂ ಇಲ್ಲ. ಆಟದಲ್ಲಿ ತಾಳಿಕೊಳ್ಳಿ ಎಂದು ಹೇಳಬಹುದು. ಅನ್ಯಾಯಕ್ಕೊಳಗಾದವನಿಗೆ ತಾಳಿಕೊಳ್ಳಿ ಎಂದು ಹೇಳುವ ಅಧಿಕಾರ ಅನ್ಯಾಯ ಮಾಡಿದವನಿಗಿಲ್ಲ. ಆ ತಾಯಂದಿರು ತೋರಿದ್ದೂ ತಾಳ್ಮೆಯೇ. ಆದರೆ ಅದು ಪ್ರತಿ ವರ್ಷ ಅದೇ ಬಾಗಿಲನ್ನು ತಟ್ಟಿ ಅದೇ ಪ್ರಶ್ನೆಯನ್ನು ಕೇಳಿದ ತಾಳ್ಮೆ.

2020ರ ಜೂನ್ 25ರಂದು ಲಿವರ್‌ಪೂಲ್‌ನ ಪ್ರಶಸ್ತಿ ಖಚಿತವಾಯಿತು. ಕೊರೋನಾದಿಂದಾಗಿ ಮೈದಾನಗಳಿಗೆ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಮೂವತ್ತು ವರ್ಷ ಕಾದವರು ಆ ಗಳಿಗೆಯನ್ನು ಟಿ.ವಿ.ಯ ಮುಂದೆ ಕಳೆಯಬೇಕಾಯಿತು. ಆಶಾವಾದಿಗಳು ತಾವೇ ಸರಿ ಎಂದು ಹೇಳಿಕೊಂಡಿರಬಹುದು. ನಮಗೆ ಹಾಗನಿಸುವುದಿಲ್ಲ. ಆ ತಂಡವನ್ನು ಕಟ್ಟಿದವರಿಗೆ ಬಿರುಕನ್ನು ತೋರಿಸಿದವರೂ ಬೇಕಾಗಿದ್ದರು, ಬಿರುಕಿದ್ದರೂ ಮನೆ ಬಿಟ್ಟು ಹೋಗದವರೂ ಬೇಕಾಗಿದ್ದರು. ಒಬ್ಬನೇ ಮನುಷ್ಯ ಎರಡೂ ಆಗಬಲ್ಲನಾದರೆ ಅದಕ್ಕಿಂತ ಒಳ್ಳೆಯ ಅಭಿಮಾನಿ ಯಾರಿಗೆ ಸಿಗುತ್ತಾನೆ?

ನಾವೆಲ್ಲ ಒಂದಲ್ಲ ಒಂದು ಕೂಟಕ್ಕೆ ಸೇರಿದವರು. ಕುಟುಂಬ, ಶಾಲೆ, ಸಂಘಟನೆ, ಸಮುದಾಯ, ದೇಶ. ಅವೆಲ್ಲವೂ ಆಗಾಗ ಸೋಲುತ್ತವೆ, ಮತ್ತೆ ಕಟ್ಟುತ್ತಿದ್ದೇವೆ ಎನ್ನುತ್ತವೆ. ಆಗ ತಪ್ಪನ್ನು ತೋರಿಸುವವನನ್ನು ಹೊರಗಿನವನೆಂದು ಕರೆಯುವ ಮೊದಲು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಹೇಳಿದ ಮೇಲೂ ಆತ ಇಲ್ಲೇ ಇದ್ದಾನೆಯೇ? ಇದ್ದರೆ ಆತ ನಮ್ಮವನು. ಅವನ ಲೆಕ್ಕವನ್ನು ಕೇಳಿಸಿಕೊಳ್ಳೋಣ.